ಬಾಟಲಿಯೊಳಗಿನ ಲಕ್ಷ್ಮಿ: ‘ಎರಡು ತಲೆ ಹಾವು’ ಸಾಕಿದರೆ ಬರೋದೇನು?

ಕೊಟ್ಟೂರು: ಇಲ್ಲಿಂದ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. ಊರ ಹೆಸರು ಬೇಡ. ಅಂಗಡಿಯ ಹೆಸರಂತೂ ಬೇಡವೇ ಬೇಡ. ಬರೆದರೆ ಸಾವ್ಕಾರ್ರ ಮಾನ ಹೋಗುತ್ತದೆ, ಅವರೇನೂ ಕೆಟ್ಟವರಲ್ಲ. ಮುಂದೆ ಕಿರಾಣಿ ಅಂಗಡಿ, ಹಿಂದೆ ಗೋದಾಮು. ಗೋದಾಮಿನಲ್ಲಿ ಶೇಂಗಾ ಚೀಲ, ಮೆಕ್ಕೆಜೋಳದ ಚೀಲ, ಚೀಲದ ಸಂದಿಯಲ್ಲಿ ಇಲಿ. ಕೂಡ್ಲಿಗಿಯಿಂದ ಹಡಗಲಿಯವರೆಗೆ ಯಾವ ಅಂಗಡಿಯ ಹಿಂಬಾಗಿಲು ತೆಗೆದರೂ ಕಾಣುವ ದೃಶ್ಯವೇ.

ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ ಎಂಟನೇ ಕ್ಲಾಸು ಓದುವ ಮಗ ಚೀಲ ಸರಿಸಲು ಹೋದ. ಅಡಿಯಲ್ಲಿ ಕೈಬೆರಳಿನ ಗಾತ್ರದ, ಗೇಣಿಗಿಂತ ತುಸು ಉದ್ದದ ಕೆಂಪನೆಯ ಹಾವು. ಅದು ಓಡಲಿಲ್ಲ, ಹೆಡೆ ಎತ್ತಲಿಲ್ಲ, ಬುಸ್ ಅನ್ನಲೂ ಇಲ್ಲ. ಸುರುಳಿ ಸುತ್ತಿಕೊಂಡು ತಲೆಯನ್ನು ಮೈಯೊಳಗೆ ಹುದುಗಿಸಿ, ಮೊಂಡು ಬಾಲವನ್ನು ಮೇಲಕ್ಕೆ ಎತ್ತಿ ತೋರಿಸಿತು.

“ಅಪ್ಪಾ, ಎರಡು ತಲೆ ಹಾವು!” ಎಂದು ಹುಡುಗ ಕೂಗಿದ.

ಒಳಗಿನಿಂದ ಅಜ್ಜಿ ಬಂದು ನೋಡಿ ಕೈ ಮುಗಿದರು. “ಕೊಟ್ರಬಸಪ್ಪನ ಕೃಪೆ. ಲಕ್ಷ್ಮಿ ತಾನಾಗೇ ಮನಿಗೆ ಬಂದಾಳ. ಹೊರಗ ಹಾಕಬ್ಯಾಡಪಾ, ಸಾಕ್ಕೊಂಡ್ರಾಯ್ತು.”

ಸಾವ್ಕಾರ್ರು ಆಗಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಪೆಪ್ಪರಮೆಂಟಿನ ದೊಡ್ಡ ಬಾಟಲಿ ಖಾಲಿಯಾಯಿತು. ಮುಚ್ಚಳಕ್ಕೆ ಮೊಳೆಯಿಂದ ನಾಲ್ಕು ತೂತು ಬಿತ್ತು. ಹಾವು ಒಳಗೆ ಹೋಯಿತು. ಅಲ್ಲಿಂದ ಶುರುವಾಯಿತು ಆ ಮನೆಯ ಪಜೀತಿ.

ಹಾಲು, ಮೊಟ್ಟೆ, ಊದುಬತ್ತಿ

ಹುಡುಗ ಹಾವಿಗೆ ‘ಕೆಂಪ’ ಎಂದು ಹೆಸರಿಟ್ಟ. ಮಲಗಲು ಹತ್ತಿ ಹಾಸಿದ. ಅಜ್ಜಿ ಬೆಳಿಗ್ಗೆ ಒಂದು ಮುಚ್ಚಳ ಹಾಲು ಇಟ್ಟರು. ಸಂಜೆ ಹಾಲು ಒಡೆದು ಹುಳಿ ವಾಸನೆ ಬಂತು. ಮರುದಿನ ಮೊಟ್ಟೆಯ ಹಳದಿ ಇಟ್ಟರು; ಅದಕ್ಕೆ ಇರುವೆ ಮುತ್ತಿತು. ಶುಕ್ರವಾರ ಊದುಬತ್ತಿ ಹಚ್ಚಿದರು. ಬಾಟಲಿ ದೇವರ ಗೂಡಿನ ಪಕ್ಕದಲ್ಲಿ, ಬಿಸಿಲು ಬೀಳುವ ಕಿಟಕಿಯ ಕೆಳಗೆ ಕುಳಿತಿತ್ತು. ಶಾಲೆಯಿಂದ ಬಂದ ಕೂಡಲೇ ಹುಡುಗ ಅದರ ಮುಂದೆ ಕೂರುವನು. ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಪ್ರೀತಿಗೆ ಏನೂ ಕೊರತೆ ಇರಲಿಲ್ಲ.

ಕೊರತೆ ಇದ್ದದ್ದು ತಿಳಿವಳಿಕೆಗೆ. ಹಾವು ಹಾಲು ಕುಡಿದು ಬದುಕುವ ಪ್ರಾಣಿಯಲ್ಲ. ಬಾಯಾರಿದಾಗ ನೀರು ಕುಡಿಯುತ್ತದೆ. ನೀರು ಸಿಗದೆ ಒದ್ದಾಡುತ್ತಿದ್ದರೆ ಹಾಲಿಗೂ ಬಾಯಿ ಹಾಕೀತು, ಆದರೆ ಆ ಹಾಲು ಅದಕ್ಕೆ ಜೀರ್ಣವಾಗುವುದಿಲ್ಲ. ಹಾವಾಡಿಗರು ಪಂಚಮಿಗೆ ಮುಂಚೆ ಹಾವನ್ನು ನೀರಿಲ್ಲದೆ ದಿನಗಟ್ಟಲೆ ಇಡುತ್ತಿದ್ದದ್ದು ಇದಕ್ಕೇ. ಜನ “ಹಾಲು ಕುಡೀತು ನೋಡ್ರಿ” ಎಂದು ಕಾಸು ಹಾಕುತ್ತಿದ್ದರು. ಹಾವು ಆಮೇಲೆ ಸಾಯುವುದನ್ನು ಯಾರೂ ನೋಡುತ್ತಿರಲಿಲ್ಲ.

ಈ ಹಾವಿನ ಆಹಾರ ಇಲಿ. ಮರಿಗೆ ಇಲಿಯ ಮರಿ, ದೊಡ್ಡದಕ್ಕೆ ದೊಡ್ಡ ಇಲಿ. ಹೊಂಚು ಹಾಕಿ ಹಿಡಿದು, ಸುತ್ತಿ ಬಿಗಿದು, ನುಂಗುತ್ತದೆ. ಗೋದಾಮಿಗೆ ಅದು ಬಂದಿದ್ದೂ ಇಲಿಯ ವಾಸನೆ ಹಿಡಿದೇ ಹೊರತು ಸಾವ್ಕಾರ್ರ ಜಾತಕ ನೋಡಿ ಅಲ್ಲ.

ಇನ್ನು ಗಾಜಿನ ಬಾಟಲಿ. ಹಾವಿಗೆ ನಮ್ಮ ಹಾಗೆ ಮೈಯೊಳಗೆ ಬಿಸಿ ಹುಟ್ಟಿಸಿಕೊಳ್ಳುವ ಶಕ್ತಿ ಇಲ್ಲ, ಬೆವರಿ ತಣ್ಣಗಾಗುವ ಶಕ್ತಿಯೂ ಇಲ್ಲ. ಚಳಿಯಾದರೆ ಬಿಸಿಲಿಗೆ, ಸೆಕೆಯಾದರೆ ನೆರಳಿಗೆ ಸರಿದು ಬದುಕುತ್ತದೆ. ಬಾಟಲಿಯಲ್ಲಿ ಸರಿಯುವುದು ಎಲ್ಲಿಗೆ? ಬಿಸಿಲಿಗಿಟ್ಟ ಗಾಜಿನೊಳಗೆ ಸ್ವಲ್ಪ ಹೊತ್ತಿನಲ್ಲೇ ಬೇಯುತ್ತದೆ. ಅದರಲ್ಲೂ ಇದು ಮಣ್ಣಿನೊಳಗೆ ಬಾಳುವ ಹಾವು. ಸಡಿಲ ಮಣ್ಣು ಇಲ್ಲದಿದ್ದರೆ, ಹಗಲು ಅಡಗಿ ಕೂರಲು ಜಾಗ ಇಲ್ಲದಿದ್ದರೆ ದಿಗಿಲುಗೊಂಡು ಆಹಾರವನ್ನೇ ಮುಟ್ಟುವುದಿಲ್ಲ. ಪೊರೆ ಬಿಡುವಾಗ ಮೈ ಉಜ್ಜಲು ಒರಟು ಕಲ್ಲು, ಕಡ್ಡಿ ಇಲ್ಲದಿದ್ದರೆ ಪೊರೆ ತುಂಡು ತುಂಡಾಗಿ ಅಂಟಿಕೊಳ್ಳುತ್ತದೆ, ಕಣ್ಣಿನ ಮೇಲೂ ಉಳಿಯುತ್ತದೆ. ಹತ್ತಿಯ ಹಾಸಿಗೆ ಹುಡುಗನ ಸಮಾಧಾನಕ್ಕೆ ಮಾತ್ರ.

ಕೈಯಲ್ಲಿ ಹಿಡಿದು ಸವರಿದರೆ ಅದಕ್ಕೆ ಖುಷಿಯೇ? ಅದೂ ಇಲ್ಲ. ನಾಯಿ ಬಾಲ ಅಲ್ಲಾಡಿಸಿದ ಹಾಗೆ ಹಾವು ಯಜಮಾನನ ಗುರುತು ಹಿಡಿದು ಕುಣಿಯುವುದಿಲ್ಲ. ಸುಮ್ಮನೆ ಬಿದ್ದುಕೊಂಡಿದೆ ಅಂದರೆ ಒಗ್ಗಿಕೊಂಡಿದೆ ಎಂದು ನಾವು ತಿಳಿಯುತ್ತೇವೆ. ಬಹಳ ಸಲ ಅದು ಹೆದರಿಕೆ, ಇಲ್ಲವೇ ನಿತ್ರಾಣ.

ಎರಡನೇ ತಲೆ ಎಲ್ಲಿದೆ?

ನಮ್ಮ ಕಡೆ ಇದನ್ನು ಎರಡು ತಲೆ ಹಾವು ಅಂತಲೂ ಮಣ್ಣುಮುಕ್ಕ ಅಂತಲೂ ಕರೆಯುತ್ತಾರೆ. ಆರು ತಿಂಗಳು ಈ ಕಡೆ, ಆರು ತಿಂಗಳು ಆ ಕಡೆ ನಡೆಯುತ್ತದೆ ಎಂದು ಹೇಳುವವರಿದ್ದಾರೆ. ಅದು ಮೈ ನೆಕ್ಕಿದರೆ ಕುಷ್ಠ ಬರುತ್ತದೆ ಎಂದು ಹೆದರಿಸುವವರೂ ಇದ್ದಾರೆ. ಎರಡೂ ಸುಳ್ಳು. ತಲೆ ಒಂದೇ. ಬಾಲ ಚೂಪಾಗದೆ ತಲೆಯಷ್ಟೇ ಮೊಂಡಾಗಿರುತ್ತದೆ. ಹದ್ದು, ಮುಂಗುಸಿ ಮೇಲೆ ಬಿದ್ದಾಗ ತಲೆ ಮುಚ್ಚಿಟ್ಟು ಬಾಲ ಎತ್ತುತ್ತದೆ. ಪೆಟ್ಟು ಬಾಲಕ್ಕೆ ಬೀಳಲಿ, ತಲೆ ಉಳಿಯಲಿ ಎಂಬ ಲೆಕ್ಕ. ಹಿಂದೆ ಹಾವಾಡಿಗರು ಬಾಲಕ್ಕೆ ಗಾಯ ಮಾಡಿ ಕಣ್ಣು, ಬಾಯಿ ಇದ್ದಂತೆ ಮಾಡುತ್ತಿದ್ದದ್ದೂ ಉಂಟು.

ಇದಕ್ಕೆ ವಿಷ ಇಲ್ಲ. ಪೂರ್ತಿ ಬೆಳೆದರೆ ಸಾಮಾನ್ಯವಾಗಿ ಮೂರು ಅಡಿಯ ಆಸುಪಾಸು. ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯ 1801 ರಲ್ಲಿ ಇದನ್ನು ಪುಸ್ತಕಕ್ಕೆ ಸೇರಿಸಿದ. ತಮಿಳುನಾಡಿನ ತರಂಗಂಬಾಡಿಯಲ್ಲಿದ್ದ ಜಾನ್ ಎಂಬ ಪಾದ್ರಿಯ ಹೆಸರು ಇದರ ಶಾಸ್ತ್ರೀಯ ಹೆಸರಿನಲ್ಲಿ ಸೇರಿಕೊಂಡಿದೆ. ಇನ್ನೂರು ವರ್ಷಕ್ಕಿಂತ ಹೆಚ್ಚು ಕಾಲದಿಂದ ಬಲ್ಲವರು ಇದನ್ನು ನೋಡುತ್ತಿದ್ದಾರೆ. ಯಾರಿಗೂ ಇದರ ಹೊಟ್ಟೆಯಲ್ಲಿ ಚಿನ್ನ ಸಿಕ್ಕಿಲ್ಲ, ಔಷಧವೂ ಸಿಕ್ಕಿಲ್ಲ.

ಬಂದನಪ್ಪ ದಲಾಲಿ

ಹಾವಿನ ಸುದ್ದಿ ಎಷ್ಟು ದಿನ ಗೋದಾಮಿನಲ್ಲಿ ಉಳಿದೀತು? ಒಂದು ವಾರದಲ್ಲಿ ಸಂತೆಗೆ ಹೋಯಿತು. ಎರಡನೇ ವಾರ ಒಬ್ಬ ಆಸಾಮಿ ಬಂದ. ಬಿಳಿ ಅಂಗಿ, ಕೈಯಲ್ಲಿ ಎರಡು ಫೋನು. ಸೋಡಾ ಕುಡಿಯುವ ನೆಪದಲ್ಲಿ ನಿಂತು, “ಸಾವ್ಕಾರ್ರೆ, ಒಂದು ಮಾತು ಐತಿ” ಎಂದ.

ಮಾತು ಇಷ್ಟೆ. ಬೆಂಗಳೂರಿನಲ್ಲಿ ‘ಕಂಪನಿ’ಯವರು ಇದ್ದಾರೆ. ಈ ಹಾವಿಗೆ ಲಕ್ಷ ಅಲ್ಲ, ಕೋಟಿ ಕೊಡುತ್ತಾರೆ. ಆದರೆ ತೂಕ ಇರಬೇಕು. ಈಗ ತೂಕ ಸಾಲದು, ನಾಲ್ಕು ತಿಂಗಳು ಚೆನ್ನಾಗಿ ತಿನ್ನಿಸಿ. ಅಷ್ಟರಲ್ಲಿ ಕಂಪನಿಯವರು ‘ಟೆಸ್ಟಿಂಗ್’ಗೆ ಬರುತ್ತಾರೆ, ಅವರ ಕಾರು, ಲಾಡ್ಜು, ಮಶೀನಿನ ಖರ್ಚಿಗೆ ಮುಂಗಡ ಕೊಡಬೇಕು. ಹೆಚ್ಚೇನಿಲ್ಲ, ಇಪ್ಪತ್ತು ಸಾವಿರ.

ಸಾವ್ಕಾರ್ರು ಇಡೀ ರಾತ್ರಿ ನಿದ್ದೆ ಮಾಡಲಿಲ್ಲ. ಚೀಟಿಯ ಕಂತು ಎರಡು ತಿಂಗಳಿಂದ ಬಾಕಿ. ಉದ್ರಿ ಕೊಟ್ಟಿದ್ದು ಉದ್ರಿಯಾಗಿಯೇ ಉಳಿದಿತ್ತು. ರೈತರಿಗೆ ಬೆಳೆ ಕೈಗೆ ಬಂದರೆ ತಾನೇ ಅಂಗಡಿಗೆ ಬಾಕಿ ಬರುವುದು? ದೇವರ ಗೂಡಿನ ಪಕ್ಕದಲ್ಲಿ ಬಾಟಲಿ, ಬಾಟಲಿಯಲ್ಲಿ ಕೋಟಿ! ಇಂಥ ರಾತ್ರಿಯಲ್ಲಿ ಬುದ್ಧಿವಂತರೂ ದಾರಿ ತಪ್ಪುತ್ತಾರೆ. ಅವರನ್ನು ನೋಡಿ ನಗುವವರು ಒಮ್ಮೆ ತಮ್ಮ ಖಾತೆ ಪುಸ್ತಕ ತೆಗೆದು ನೋಡಿಕೊಳ್ಳಲಿ.

ಈ ದಂಧೆ ಒಂದು ಊರಿನದಲ್ಲ. ವೈಲ್ಡ್‌ಲೈಫ್ ಕನ್ಸರ್ವೇಷನ್ ಸೊಸೈಟಿ ಇಂಡಿಯಾ ಎಂಬ ಸಂಸ್ಥೆ 2016 ರಿಂದ 2021 ರವರೆಗೆ ಸುದ್ದಿಯಾದ ಪ್ರಕರಣಗಳನ್ನಷ್ಟೇ ಲೆಕ್ಕ ಹಾಕಿತು. 18 ರಾಜ್ಯಗಳಲ್ಲಿ 172 ಪ್ರಕರಣ! ಸುದ್ದಿಯಾಗದೆ ಬಾಟಲಿಯಲ್ಲೇ ಸತ್ತವು ಇದರಲ್ಲಿ ಸೇರಿಲ್ಲ. ಕರ್ನಾಟಕದಲ್ಲೂ ಪೊಲೀಸರು, ಅರಣ್ಯ ಇಲಾಖೆಯವರು ಈ ಹಾವು ಮಾರುವವರನ್ನು ಮತ್ತೆ ಮತ್ತೆ ಹಿಡಿದಿದ್ದಾರೆ. ಹೆಚ್ಚಿನ ಸಲ ಸಿಕ್ಕಿಬೀಳುವವರು ಯಾರು? ಚೀಲದಲ್ಲಿ ಹಾವು ಇಟ್ಟುಕೊಂಡು ಗಿರಾಕಿಗೆ ಕಾಯುವ ಸಣ್ಣ ಮನುಷ್ಯರು. ಕೋಟಿ ಕೊಡುವ ‘ಕಂಪನಿ’ಯ ಮುಖವನ್ನು ಮಾತ್ರ ಯಾವ ಮಾರಾಟಗಾರನೂ ನೋಡಿದಂತಿಲ್ಲ. ಈ ವ್ಯಾಪಾರದಲ್ಲಿ ದುಡ್ಡು ಬರುವುದು ಹಾವಿನಿಂದಲ್ಲ. ಹಾವು ಸಾಕಿದವನ ಆಸೆಯಿಂದ.

ಕಾಯ್ದೆ ಏನು ಹೇಳುತ್ತದೆ?

“ನಮ್ಮ ಗೋದಾಮಿಗೆ ಬಂದ ಹಾವು, ನಾವು ಸಾಕಿದರೆ ಯಾರ ಗಂಟು ಹೋಯಿತು?” ಎಂದು ಕೇಳುವವರಿಗೆ ಉತ್ತರ 1972 ರಲ್ಲೇ ಬಂದಿದೆ. ಆ ವರ್ಷದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಣ್ಣುಮುಕ್ಕ ಸಂರಕ್ಷಿತ ಪ್ರಾಣಿ. ಹಿಡಿಯುವಂತಿಲ್ಲ, ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಮಾರುವಂತಿಲ್ಲ. ನಾಗರಹಾವು, ಕೇರೆ, ಹೆಬ್ಬಾವು ಇವಕ್ಕೂ ಅದೇ ಮಾತು. ಪೂಜೆಗೆ ಅಂದರೂ ರಿಯಾಯಿತಿ ಇಲ್ಲ. ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಸೈಟಿಸ್ ಎಂಬ ಒಪ್ಪಂದದ ಕಡಿವಾಣ ಇದೆ.

ಕಾಯ್ದೆಗೆ 2022 ರಲ್ಲಿ ತಿದ್ದುಪಡಿಯಾಗಿ 2023 ರ ಏಪ್ರಿಲ್‌ನಿಂದ ಜಾರಿಗೆ ಬಂತು. ಈಗ ಸಾಮಾನ್ಯ ತಪ್ಪಿಗೆ ಮೂರು ವರ್ಷದವರೆಗೆ ಸಜೆ, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಹೆಬ್ಬಾವಿನಂಥ ಮೊದಲನೇ ಪಟ್ಟಿಯ ಪ್ರಾಣಿಯಾದರೆ ಕಡಿಮೆ ಅಂದರೂ ಮೂರು ವರ್ಷ, ಹೆಚ್ಚೆಂದರೆ ಏಳು ವರ್ಷ. ದಂಡ 25 ಸಾವಿರಕ್ಕೆ ಕಡಿಮೆ ಇಲ್ಲ.

ಹಾಗಾದರೆ ಬೆಂಗಳೂರಿನಲ್ಲಿ ಕೊರಳಿಗೆ ಹಾವು ಸುತ್ತಿಕೊಂಡು ಫೋಟೋ ಹಾಕುವವರು? ಅವು ಬಹಳಷ್ಟು ಪರದೇಶದ ಹಾವುಗಳು. ಆಫ್ರಿಕಾದ ಬಾಲ್ ಪೈಥಾನ್‌ನಂಥವು. ಅವಕ್ಕೂ ಈಗ ಲಗಾಮು ಬಿದ್ದಿದೆ. ಸೈಟಿಸ್ ಪಟ್ಟಿಯಲ್ಲಿರುವ ಪರದೇಶದ ಪ್ರಾಣಿ ಸಾಕಿದವರು ಸರ್ಕಾರದ ‘ಪರಿವೇಶ್’ ತಾಣದಲ್ಲಿ ನೋಂದಾಯಿಸಬೇಕೆಂದು 2024 ರ ಫೆಬ್ರವರಿಯಲ್ಲಿ ನಿಯಮ ಬಂತು. ಕಳ್ಳಸಾಗಣೆ ಮಾತ್ರ ನಿಂತಿಲ್ಲ. 2024 ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಇಳಿದ ಒಬ್ಬನ ಪೆಟ್ಟಿಗೆಯಲ್ಲಿ ಹತ್ತು ಹಳದಿ ಅನಕೊಂಡ ಸಿಕ್ಕವು!

ಕಾಗದ ಪತ್ರ ಸರಿ ಇದ್ದು ಸಾಕುವುದಾದರೂ ಆ ಕೆಲಸ ಹುಡುಗಾಟವಲ್ಲ. ಬೀಗ ಹಾಕುವ ಪೆಟ್ಟಿಗೆ ಬೇಕು. ಪೆಟ್ಟಿಗೆಯ ಒಂದು ಮೂಲೆ 31-32 ಡಿಗ್ರಿ ಬೆಚ್ಚಗೆ, ಇನ್ನೊಂದು ಮೂಲೆ 26 ಡಿಗ್ರಿಯ ಸುಮಾರು ತಂಪಗೆ ಇರಬೇಕು. ಅಡಗಲು ಗೂಡು, ದಿನಾ ಹೊಸ ನೀರು, ಮರಿಗೆ ವಾರಕ್ಕೊಂದು ಇಲಿ. ಕರೆಂಟು ಹೋದರೆ ಏನು ಮಾಡುವುದು ಎಂಬ ಏರ್ಪಾಡೂ ಬೇಕು. ನಮ್ಮ ಹಳ್ಳಿಗಳ ಕರೆಂಟಿನ ಕಥೆ ಓದುಗರಿಗೆ ಹೇಳಬೇಕಿಲ್ಲ. ಮೇಲಾಗಿ ಬಾಲ್ ಪೈಥಾನ್ ಇಪ್ಪತ್ತು, ಮೂವತ್ತು ವರ್ಷ ಬದುಕುತ್ತದೆ. ಹೈಸ್ಕೂಲು ಹುಡುಗ ಇವತ್ತು ಸಾಕಿದರೆ ಅವನ ಮಗನ ಮದುವೆ ಮಾತುಕತೆಯ ಹೊತ್ತಿಗೂ ಅದು ಮನೆಯಲ್ಲೇ ಇದ್ದೀತು.

ಮರಿ ಎಂದು ಎತ್ತಿಕೊಂಡರೆ...

ಕಾಯ್ದೆಗಿಂತ ದೊಡ್ಡ ಭಯ ಬೇರೆ ಇದೆ. ಆ ಹುಡುಗ ಎತ್ತಿಕೊಂಡಿದ್ದು ವಿಷವಿಲ್ಲದ ಹಾವು. ಅದು ಅವನ ಅದೃಷ್ಟ, ಜಾಣತನವಲ್ಲ. ಅದೇ ಮುಂಗಾರಿನ ದಿನಗಳಲ್ಲೇ ಕೊಳಕುಮಂಡಲವೂ ಮರಿ ಹಾಕುತ್ತದೆ. ಅದೂ ಮೊಟ್ಟೆ ಇಡುವ ಹಾವಲ್ಲ. ಒಂದೇ ಸಲಕ್ಕೆ ಇಪ್ಪತ್ತು, ನಲವತ್ತು ಮರಿ ಹಾಕಬಲ್ಲದು. ಒಂದು ಗೇಣಿನ ಆ ಮರಿಗೂ ಹುಟ್ಟಿದ ದಿನದಿಂದಲೇ ವಿಷ ಇರುತ್ತದೆ.

ಮಣ್ಣುಮುಕ್ಕದಲ್ಲೇ ಇನ್ನೊಂದು ಜಾತಿ ಇದೆ. ಅದರ ಮೈಮೇಲೆ ಕಂದು ಮಚ್ಚೆಗಳು. ಜನ ಅದನ್ನು ಹೆಬ್ಬಾವಿನ ಮರಿ ಅನ್ನುತ್ತಾರೆ. ಕೊಳಕುಮಂಡಲವನ್ನೂ ಅವಸರದಲ್ಲಿ ಹೆಬ್ಬಾವಿನ ಮರಿ ಅಂದುಬಿಡುತ್ತಾರೆ! ವ್ಯತ್ಯಾಸ ಇದೆ. ಕೊಳಕುಮಂಡಲದ ಬೆನ್ನ ಮೇಲೆ ಸರಪಳಿಯ ಹಾಗೆ ಮೂರು ಸಾಲು ದುಂಡು ಮಚ್ಚೆ, ಮುಕ್ಕೋನೆಯ ಅಗಲ ತಲೆ, ಸಣ್ಣ ಕತ್ತು. ಕೆಣಕಿದರೆ ಕುಕ್ಕರಿನ ಹಾಗೆ ಬುಸುಗುಡುತ್ತದೆ. ಮಣ್ಣುಮುಕ್ಕಕ್ಕೆ ಕತ್ತೇ ಕಾಣದು, ಬಾಲ ಗಿಡ್ಡ. ಆದರೆ ಇದನ್ನೆಲ್ಲ ಬಗ್ಗಿ ನೋಡಿ ತೀರ್ಮಾನಿಸುವುದು ಕತ್ತಲ ಗೋದಾಮಿನಲ್ಲಿ ನಿಂತ ಹುಡುಗನ ಕೆಲಸವಲ್ಲ. ನಿಯಮ ಒಂದೇ: ಯಾವ ಹಾವನ್ನೂ, ಯಾವ ಮರಿಯನ್ನೂ ಕೈಯಿಂದ ಮುಟ್ಟಬೇಡಿ.

ಭಾರತದಲ್ಲಿ 2000 ದಿಂದ 2019 ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು 2020 ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂದಾಜು ಮಾಡಿದೆ. ಅಂದರೆ ವರ್ಷಕ್ಕೆ 58 ಸಾವಿರ ಜನ. ಹೆಚ್ಚಿನವರು ಹಳ್ಳಿಯವರು. ಕರ್ನಾಟಕ ಸರ್ಕಾರ 2024 ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು.

ಕಚ್ಚಿದರೆ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಮಂತ್ರ ಹಾಕಿಸಲು ಊರೂರು ತಿರುಗಬೇಡಿ. ಉಂಗುರ, ಬಳೆ, ಕಾಲುಂಗುರ ಬಿಚ್ಚಿ. ಕಚ್ಚಿದ ಕೈಯೋ ಕಾಲೋ ಅಲ್ಲಾಡದಂತೆ ಮುರಿದ ಎಲುಬಿಗೆ ಪಟ್ಟಿ ಕಟ್ಟಿದ ಹಾಗೆ ಇಟ್ಟು, 108 ಕ್ಕೆ ಫೋನ್ ಮಾಡಿ, ಸೀದಾ ಆಸ್ಪತ್ರೆಗೆ ಹೋಗಿ. ಹಾವನ್ನು ಹುಡುಕಿ ಕೊಂದು ಚೀಲದಲ್ಲಿ ಒಯ್ಯುವ ಅಗತ್ಯ ಇಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ ಔಷಧ. ಕುದುರೆಯ ರಕ್ತದಿಂದ ತಯಾರಾಗುವ ಆ ಔಷಧ ಬೇಗ ಮೈಗೆ ಸೇರಿದಷ್ಟೂ ಜೀವ ಗಟ್ಟಿ.

ಮೇಷ್ಟ್ರ ಮಾತು

ಮತ್ತೆ ಆ ಮನೆಗೆ ಬರೋಣ. ಮೂರನೇ ವಾರ ಕೆಂಪ ಬಾಟಲಿಯ ತಳದಲ್ಲಿ ಸುಮ್ಮನೆ ಬಿದ್ದಿತ್ತು. ಮೈ ಬೂದು ಬಣ್ಣಕ್ಕೆ ತಿರುಗಿ, ಅಲ್ಲಲ್ಲಿ ಪೊರೆ ಎದ್ದು ಅಂಟಿಕೊಂಡಿತ್ತು. ಬಾಟಲಿ ತಟ್ಟಿದರೂ ಬಾಲ ಎತ್ತುತ್ತಿರಲಿಲ್ಲ. ಹುಡುಗ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರ ಮುಂದೆ ನಿಂತು, “ಸಾರ್, ಹಾವಿಗೆ ಜ್ವರ ಬಂದ್ರ ಯಾವ ಗುಳಿಗಿ ಹಾಕಬೇಕ್ರಿ?” ಎಂದು ಕೇಳಿದ.

ಮೇಷ್ಟ್ರು ಬೈಯಲಿಲ್ಲ. ಪೂರಾ ಕೇಳಿಸಿಕೊಂಡು ಅಂದರಂತೆ: “ತಮ್ಮಾ, ನಿನ್ನನ್ನ ಯಾರಾದ್ರೂ ಒಂದು ಡ್ರಮ್ಮಿನಾಗ ಕೂಡಿಸಿ, ಮೂರು ವಾರ ಬರೇ ಹುಲ್ಲು ಹಾಕಿ, ದಿನಾ ಊದುಬತ್ತಿ ಹಚ್ಚಿದ್ರ ನಿನಗೆ ಜ್ವರ ಬರ್ತಿತ್ತೋ ಇಲ್ಲೋ?”

ಹುಡುಗ ಅತ್ತುಕೊಂಡೇ ಮನೆಗೆ ಬಂದ. ಆ ಸಂಜೆ ದಲಾಲಿ ಮುಂಗಡಕ್ಕೆ ಬರುವವನಿದ್ದ. ದುಡ್ಡು ಗಲ್ಲಾದಲ್ಲಿ ತಯಾರಿತ್ತು. ಮಗ ಬಾಟಲಿ ತಂದು ಗಲ್ಲಾದ ಮೇಲೆ ಇಟ್ಟು, “ಅಪ್ಪಾ, ಇದು ಸಾಯ್ತೈತಿ” ಅಂದ. ಅಷ್ಟೇ ಅಂದ.

ಸಾವ್ಕಾರ್ರು ಬಾಟಲಿ ನೋಡಿದರು, ಗಲ್ಲಾ ನೋಡಿದರು. ಸತ್ತ ಹಾವಿಗೆ ಕಂಪನಿ ಕೋಟಿ ಕೊಡುವುದಿಲ್ಲ ಎಂಬ ಲೆಕ್ಕ ಮೊದಲು ಹೊಳೆಯಿತೋ, ಮಗನ ಮುಖ ಮೊದಲು ಕಂಡಿತೋ, ಅದು ಅವರಿಗೇ ಗೊತ್ತು. ಅರಣ್ಯ ಇಲಾಖೆಯ 1926 ಸಂಖ್ಯೆಗೆ ಫೋನ್ ಹೋಯಿತು. ಅಜ್ಜಿ ಎರಡು ದಿನ ಮಗನ ಜೊತೆ ಮಾತು ಬಿಟ್ಟರು.

ಗಾರ್ಡು ಬಂದ. ಬೈದ. ಹೆಸರು, ವಿಳಾಸ ಬರೆದುಕೊಂಡ. “ಮೊದಲನೇ ದಿನಾನ ಕರೀಬೇಕಿತ್ರಿ” ಎಂದು ಮತ್ತೊಮ್ಮೆ ಬೈದ. ಹಾವನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು ಒಯ್ದ. ನಾಲ್ಕು ದಿನ ನೀರು, ಮಣ್ಣು, ನೆರಳಿನಲ್ಲಿಟ್ಟ ಮೇಲೆ ಅದು ಪೊರೆ ಕಳಚಿತು. ಊರಾಚೆಯ ಕುರುಚಲಿನಲ್ಲಿ ಸಂಜೆ ಬಿಡುವಾಗ ಹುಡುಗನನ್ನೂ ಕರೆದರು. ಸಡಿಲ ಕೆಮ್ಮಣ್ಣಿನ ಮೇಲೆ ಇಟ್ಟ ಕೂಡಲೇ ಕೆಂಪ ಮೂತಿ ಊರಿ, ಮೈ ತಿರುವಿ, ನೋಡುನೋಡುತ್ತಲೇ ನೆಲದೊಳಗೆ ಇಳಿದುಹೋಯಿತು. ಹಿಂತಿರುಗಿ ನೋಡಲಿಲ್ಲ. ಹುಡುಗ ಮಾತ್ರ ಬಹಳ ಹೊತ್ತು ಆ ಮಣ್ಣನ್ನೇ ನೋಡುತ್ತ ನಿಂತ.

ದಲಾಲಿಯ ಎರಡೂ ಫೋನು ಆಮೇಲೆ ಸ್ವಿಚ್ ಆಫ್.

ಅಂಗಡಿಯವರಿಗೊಂದು ಮಾತು

2021 ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಐದೂ ತಾಲೂಕು ಒಂದೇ ಜಿಲ್ಲೆಯಲ್ಲಿವೆ. ಐದರಲ್ಲೂ ಬೆಳೆ ಶೇಂಗಾ, ಮೆಕ್ಕೆಜೋಳ, ಜೋಳ. ಐದರಲ್ಲೂ ಶತ್ರು ಇಲಿ. ಚೀಲ ಕೊರೆಯುವ ಇಲಿಗೆ ಔಷಧ ಇಟ್ಟು, ಪಂಜರ ಇಟ್ಟು ಸೋತ ಅಂಗಡಿಯವರೇ ಇಲಿ ಹಿಡಿಯುವ ಹಾವನ್ನು ಬಾಟಲಿಗೆ ಹಾಕಿ ಕೂತರೆ ಯಾರ ಲಾಭ? ಮಣ್ಣುಮುಕ್ಕ, ಕೇರೆ ಹೊಲದಲ್ಲಿ, ಬದುವಿನಲ್ಲಿ ಇದ್ದರೆ ಸಂಬಳವಿಲ್ಲದ ಆಳು ಇದ್ದಂತೆ.

ಹಾವು ಒಳಗೆ ಬಂದರೆ ಮಕ್ಕಳನ್ನು, ನಾಯಿಯನ್ನು ದೂರ ಕಳಿಸಿ. ದೂರದಿಂದ ಕಣ್ಣಿಡಿ, ಹೊರಗೆ ಹೋಗಲು ಬಾಗಿಲು ತೆರೆದಿಡಿ. ಹೋಗದಿದ್ದರೆ 1926 ಕ್ಕೆ ಫೋನ್ ಮಾಡಿ. ಚೀಲಗಳನ್ನು ಗೋಡೆಯಿಂದ ಒಂದಡಿ ಸರಿಸಿ, ಹಲಗೆಯ ಮೇಲೆ ಪೇರಿಸಿ. ಕಾಳು ಚೆಲ್ಲಿದ್ದನ್ನು ಅಂದಂದೇ ಗುಡಿಸಿ. ಇಲಿ ಕಡಿಮೆಯಾದರೆ ಹಾವಿಗೂ ಒಳಗೆ ಕೆಲಸವಿರುವುದಿಲ್ಲ. ಚೀಲ ಸರಿಸುವ ಮುಂಚೆ ಬ್ಯಾಟರಿ ಬಿಟ್ಟು ನೋಡಿ, ಕೋಲಿನಿಂದ ತಟ್ಟಿ, ಆಮೇಲೆ ಕೈ ಹಾಕಿ.

ಆ ಸಾವ್ಕಾರ್ರ ಅಂಗಡಿಯಲ್ಲಿ ಬಾಟಲಿ ಮತ್ತೆ ಪೆಪ್ಪರಮೆಂಟು ತುಂಬಿಕೊಂಡು ಕುಳಿತಿದೆ. ಮುಚ್ಚಳದ ನಾಲ್ಕು ತೂತು ಹಾಗೇ ಇವೆ, ಇರುವೆ ಹೋಗುತ್ತವೆ ಎಂದು ಮೇಲೆ ಕಾಗದ ಅಂಟಿಸಿದ್ದಾರೆ. ಚೀಟಿಯ ಬಾಕಿ ಇನ್ನೂ ತೀರಿಲ್ಲ. ಆದರೆ ಗಲ್ಲಾದ ಇಪ್ಪತ್ತು ಸಾವಿರ ಉಳಿಯಿತು. ಅಜ್ಜಿ ಈಗ ಮಾತಾಡುತ್ತಾರೆ. ಲಕ್ಷ್ಮಿ ಹೋದಳಲ್ಲ ಎಂದು ಯಾರಾದರೂ ಕೆಣಕಿದರೆ ಅವರ ಉತ್ತರ ಇದು:

“ಹೋಗ್ಲಿ ಬಿಡು. ಬಾಟ್ಲಿಯಾಗ ಕೂಡಿಟ್ಟಾಕಿ ಲಕ್ಷ್ಮಿ ಹೆಂಗಾದಾಳು?”